ಬಲಗಾಲಿನ ಬೂಟು

"ಈ ವರ್ಷ ಆರಿಸೋ ಸರದಿ ನಂದು," ಎಂದು ಬೊಂಗಿಲ್ ಅಂಗಡಿಯ ಹೊಸ್ತಿಲಾಚೆಯಿಂದಲೇ ಕೂಗಿದ. "ಹೋದ ವರ್ಷ ನೀನು ಆರಿಸಿದ್ದೆ. ಮರೆತಿಲ್ಲ ತಾನೇ?"

ಜಿನ್‌ತೆ ಮರೆತಿರಲಿಲ್ಲ. ಅವನು ಬೊಂಗಿಲ್‌ನ ಗಾಲಿಕುರ್ಚಿಯ ಹಿಡಿಕೆ ಹಿಡಿದು, ಮುಂದಿನ ಚಕ್ರಗಳನ್ನು ಮೆಟ್ಟಿಲ ಮೇಲಕ್ಕೆ ಎತ್ತಲು ನೋಡುತ್ತಿದ್ದ. ಬಲಗಡೆಯ ಕೃತಕ ಕಾಲಿನ ಮೇಲೆ ಭಾರ ಹಾಕಿದರೆ ಅದು ಜಾರುತ್ತಿತ್ತು. ಎಡಗಾಲಿನ ಮೇಲೆ ಹಾಕಿದರೆ ಕುರ್ಚಿ ವಾಲುತ್ತಿತ್ತು. ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

"ಬಿಡೋ, ಸೊಂಟ ಮುರ್ಕೋತೀಯ. ಇಬ್ಬರಿಗೂ ಸೇರಿ ಉಳ್ದಿರೋದು ಒಂದೇ ಕಾಲು. ಅದನ್ನೂ ಕಳ್ಕೊಂಡ್ರೆ ಕ್ಲಬ್ಬಿಗೆ ಏನಂತ ಹೇಳೋದು?"

ಅಂಗಡಿಯ ಒಡತಿ ನಾಮ್ ಮಿಜಾ ಒಳಗಿನಿಂದ ಒಂದು ಹಲಗೆ ಎಳೆದುಕೊಂಡು ಬಂದಳು. ಬೂಟಿನ ಡಬ್ಬಗಳನ್ನು ಇಳಿಸಿ ಗೂಡಿನಿಂದಲೇ ಕಿತ್ತ ಹಲಗೆ ಅದು. ಧೂಳಿನಲ್ಲಿ ಡಬ್ಬಗಳ ಚೌಕದ ಗುರುತು ಇನ್ನೂ ಹಾಗೇ ಇತ್ತು. "ಎರಡು ಕಾಲಿರೋರಿಗೆ ಅಂತ ಕಟ್ಟಿಸಿದ ಅಂಗಡಿ ಇದು. ನಿಮ್ಮಂಥೋರು ಬರ್ತೀರಿ ಅಂತ ನಮ್ಮ ಮಾವನಿಗೆ ಕನಸು ಬಿದ್ದಿತ್ತಾ?" ಎನ್ನುತ್ತ ಅದನ್ನು ಮೆಟ್ಟಿಲಿಗೆ ಆನಿಸಿದಳು.

"ನಿಮ್ಮ ಮಾವ ನಂಗೆ ಒಂಟಿ ಬೂಟು ಮಾರಲ್ಲ ಅಂದ ಮಹಾನುಭಾವ. ಬೇಕಾದ್ರೆ ಎಡಗಾಲಿಂದು ನಾಯಿಗೆ ಹಾಕು ಅಂದಿದ್ರು," ಎಂದ ಬೊಂಗಿಲ್.

"ಹಾಕಿದ್ರಲ್ಲ?"

"ಹಾಕಿದೆ. ಮೂಸಿ ನೋಡಿ ಎದ್ದು ಹೋಯ್ತು."

ಅವಳು ನಕ್ಕಳು. ಜಿನ್‌ತೆ ನಗಲಿಲ್ಲ. ಕುರ್ಚಿ ಹಲಗೆಯ ಮೇಲೆ ಸರಿದು ಒಳಗೆ ಬಂತು.

ಉಲ್ಸಾನಿನ ಬಾಂಗೊಜಿನ್ ಬಂದರಿಗೆ ಇಳಿಯುವ ಓಣಿಯಲ್ಲಿ, ಒಣಮೀನಿನ ಅಂಗಡಿಗಳ ನಡುವೆ, ಮಿಜಾಳದು ಫುಟ್‌ಬಾಲ್ ಬೂಟುಗಳನ್ನಷ್ಟೇ ಮಾರುವ ಅಂಗಡಿ. ಹಡಗು ಕಟ್ಟುವ ಕಾರ್ಖಾನೆಯವರು, ಬೆಳಗಿನ ಜಾವ ಆಡುವ ಕ್ಲಬ್ಬುಗಳ ಮಧ್ಯವಯಸ್ಕರು, ಶಾಲೆಯ ಮಕ್ಕಳ ತಾಯಂದಿರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಯಾವ ನೆಲದ ಮೇಲೆ ಆಡುತ್ತೀರಿ, ಎಲ್ಲಿ ನಿಲ್ಲುತ್ತೀರಿ ಎಂದು ಕೇಳದೆ ಅವಳು ಡಬ್ಬ ತೆಗೆಯುತ್ತಿರಲಿಲ್ಲ. ಮುಂದೆ ಓಡುವವನಿಗೆ ತೆಳು ಮೈಯ ಹಗುರ ಬೂಟು, ಅಟ್ಟೆಯಡಿ ನೆಲ ಕಚ್ಚುವ ಚಪ್ಪಟೆ ಸ್ಟಡ್ಡುಗಳು. ಹಿಂದೆ ಕಾಯುವವನಿಗೆ ಅಗಲ ಅಟ್ಟೆ, ಸರಾಗವಾಗಿ ತಿರುಗಲು ಗುಂಡು ಸ್ಟಡ್ಡುಗಳು. ಅರವತ್ತು ದಾಟಿದ ಗೃಹಸ್ಥನೊಬ್ಬ ಮಗನಂಥದ್ದೇ ಹಗುರ ಬೂಟು ಬೇಕೆಂದು ಹಟ ಹಿಡಿದರೆ, "ಮೊದಲು ಮನೆಗೆ ಹೋಗಿ ನಿಮ್ಮ ಮಂಡಿನ ಕೇಳ್ಕೊಂಡು ಬನ್ನಿ" ಎಂದು ಬರಿಗೈಯಲ್ಲಿ ಕಳಿಸಿದ್ದೂ ಉಂಟು.

ಜಿನ್‌ತೆ ಮತ್ತು ಬೊಂಗಿಲ್ ಆಡುತ್ತಿದ್ದ ಕ್ಲಬ್ಬಿನಲ್ಲಿ ಎಲ್ಲರಿಗೂ ಒಂದೊಂದು ಅಂಗ ಕಡಿಮೆ. ಮೈದಾನದ ಆಟಗಾರರಿಗೆ ಒಂದು ಕಾಲು, ಎರಡು ಊರುಗೋಲು. ಗೋಲು ಕಾಯುವ ಗೋಲಿಗೆ ಎರಡು ಕಾಲು, ಒಂದು ಕೈ. ಕೃತಕ ಕಾಲನ್ನು ಬಿಚ್ಚಿ ಗೆರೆಯಾಚೆ ಇಟ್ಟೇ ಆಟಕ್ಕೆ ಇಳಿಯಬೇಕು. ಜಿನ್‌ತೆಯ ಬಲಗಾಲು ಹಡಗಿನ ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯ ಕೆಳಗೆ ಹೋಗಿತ್ತು. ಮೀನಿನ ಲಾರಿ ಓಡಿಸುತ್ತಿದ್ದ ಬೊಂಗಿಲ್‌ನ ಎಡಗಾಲನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಇಬ್ಬರ ಪಾದದ ಉದ್ದವೂ ಒಂದೇ ಎಂದು ಕಂಡುಹಿಡಿದವಳು ಮಿಜಾ. ಜಿನ್‌ತೆಯ ಕಪಾಟಿನಲ್ಲಿ ಆಗ ನೆಲ ಮುಟ್ಟದ ಬಲಗಾಲಿನ ಬೂಟುಗಳು ಸಾಲಾಗಿ, ಹೊಟ್ಟೆಯಲ್ಲಿ ಕಾಗದ ತುಂಬಿಕೊಂಡು ಕೂತಿದ್ದವು. "ಒಳ್ಳೆ ಸಂಬಂಧ ಇದೆ, ನೋಡ್ತೀಯಾ?" ಎಂದು ಅವಳು ಫೋನ್ ಮಾಡಿದ್ದಳು. ಅಂದಿನಿಂದ ಇಬ್ಬರೂ ವರ್ಷಕ್ಕೊಂದು ಜೋಡಿ ಕೊಂಡು, ಬಲಗಾಲಿನದು ಬೊಂಗಿಲ್‌ಗೆ, ಎಡಗಾಲಿನದು ಜಿನ್‌ತೆಗೆ ಎಂದು ಹಂಚಿಕೊಳ್ಳುತ್ತಿದ್ದರು. ಕ್ಲಬ್ಬಿನವರು ಅವರನ್ನು 'ದಂಪತಿಗಳು' ಎನ್ನುತ್ತಿದ್ದರು.

ಪಾದಗಳ ಉದ್ದ ಒಂದೇ ಆದರೂ ಅಗಲ ಒಂದೇ ಆಗಿರಲಿಲ್ಲ, ಆಟವೂ ಒಂದೇ ಆಗಿರಲಿಲ್ಲ. ಬೊಂಗಿಲ್ ಹಿಂದೆ ನಿಂತು ಕಾಯುವವನು. ಪಾದ ರೊಟ್ಟಿಯ ಹಾಗೆ ಹರಡಿಕೊಂಡಿತ್ತು. ಜಿನ್‌ತೆ ಅಂಚಿನಲ್ಲಿ ಓಡುವವನು, ಪಾದ ಸಪೂರ. ಅದಕ್ಕೇ ಸರದಿ. ಬೊಂಗಿಲ್‌ನ ವರ್ಷದಲ್ಲಿ ಅಗಲದ ಚರ್ಮದ ಬೂಟು. ಆಗ ಜಿನ್‌ತೆ ಎರಡು ಕಾಲುಚೀಲ ಹಾಕಿಕೊಂಡು ಗೊಣಗುತ್ತಿದ್ದ. ಜಿನ್‌ತೆಯ ವರ್ಷದಲ್ಲಿ ಕಿರಿದಾದ, ಚರ್ಮವಲ್ಲದ ಹಗುರ ಬೂಟು. ಬೊಂಗಿಲ್ ಎಂದೂ ಗೊಣಗಿದವನಲ್ಲ.

ಹೋದ ಮಾರ್ಚಿನಲ್ಲಿ ಇದೇ ಸ್ಟೂಲಿನ ಮೇಲೆ ಜಿನ್‌ತೆ ತನಗೆ ಬೇಕಾದದ್ದನ್ನು ಆರಿಸಿದ್ದ. ಅಲ್ಲಿಯವರೆಗೆ ಕೊಂಡದ್ದರಲ್ಲೆಲ್ಲ ಅದೇ ಅತಿ ಕಿರಿದು. ಮಿಜಾ ಬೊಂಗಿಲ್‌ನ ಬಲಗಾಲಿಗೆ ಅದನ್ನು ತೊಡಿಸಿ, ಹೆಬ್ಬೆರಳಿನಿಂದ ಬೂಟಿನ ಅಂಚನ್ನು ಒತ್ತಿ, "ಇದು ಚರ್ಮ ಅಲ್ಲ, ಆಮೇಲೆ ಹಿಗ್ಗಲ್ಲ. ಈಗಲೇ ಹೇಳ್ಬಿಡಿ. ಎಲ್ಲಿ ಒತ್ತುತ್ತೆ?" ಎಂದು ಕೇಳಿದ್ದಳು. ಬೊಂಗಿಲ್ ಬಗ್ಗಿ ಅವಳ ಹೆಬ್ಬೆರಳು ಎಲ್ಲಿದೆ ಎಂದು ನೋಡಿದ್ದ. ನೋಡಿಕೊಂಡು, "ಕಿರುಬೆರಳಿನ ಹತ್ರ ತಾನೇ? ಒತ್ತೋದೇನಿಲ್ಲ, ಹೇಳಿ ಮಾಡಿಸಿದ ಹಾಗಿದೆ" ಎಂದಿದ್ದ.

ಅವನು ಮೊದಲು ನೋಡಿ ಆಮೇಲೆ ಹೇಳಿದ್ದು ಜಿನ್‌ತೆಯ ಕಣ್ಣಿಗೆ ಬಿದ್ದಿತ್ತು. ಸಕ್ಕರೆ ಕಾಯಿಲೆ ಒಂದು ಕಾಲನ್ನು ತಿಂದರೆ ಇನ್ನೊಂದರ ಸ್ಪರ್ಶವನ್ನೂ ಮೆಲ್ಲಗೆ ಕದಿಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವನ ಎಡಗಾಲಿಗೆ ಬೂಟು ಮೈಚರ್ಮದಂತೆ ಕೂತಿತ್ತು. ಎದ್ದು ನಿಂತು, ಊರುಗೋಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಡಬ್ಬ ಮುಚ್ಚಿಸಿದ್ದ.

ಆ ವಸಂತದಲ್ಲಿ ಅವನು ಆಡಿದಂತೆ ಹಿಂದೆಂದೂ ಆಡಿರಲಿಲ್ಲ. ಜೂನ್ ತಿಂಗಳ ಒಂದು ಆಟ ಗೆದ್ದ ಮೇಲೆ ಎಲ್ಲರೂ ಹಂದಿಸಾರಿನ ಅನ್ನದ ಹೋಟೆಲಿಗೆ ಹೋಗಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಾಗ ಬೊಂಗಿಲ್‌ನ ಬಿಳಿ ಕಾಲುಚೀಲದ ಹೊರಅಂಚು, ಕಿರುಬೆರಳಿನ ಹತ್ತಿರ, ಕೆಂಪಗೆ ನೆನೆದಿತ್ತು.

"ಅಣ್ಣ, ಕಾಲಿಗೇನಾಯ್ತು?"

"ಮೂಲಂಗಿ ಕಿಮ್ಚಿಯ ಕೆಂಪು ಖಾರದ ರಸ. ಆ ಹುಡುಗಿ ಬಟ್ಟಲು ಇಡೋವಾಗ ಚೆಲ್ಲಿದ್ಲು."

ಬಟ್ಟಲು ಇನ್ನೂ ಬಂದಿರಲಿಲ್ಲ. ಜಿನ್‌ತೆ ಅದನ್ನೂ ಗಮನಿಸಿದ. ಅಷ್ಟರಲ್ಲಿ ಗೋಲಿ ಯಾರದೋ ಬೆನ್ನಿಗೆ ಗುದ್ದಿ ಹೆಂಡದ ಲೋಟ ಎತ್ತಿದ, ಎಲ್ಲರೂ ಎತ್ತಿದರು, ಜಿನ್‌ತೆಯೂ ಎತ್ತಿದ.

ಅದಾದ ಮೇಲೆ ಕೆಲವು ವಾರ ಬೊಂಗಿಲ್ ಬೆನ್ನುನೋವು ಎಂದು ಮೈದಾನಕ್ಕೆ ಬರಲಿಲ್ಲ. ಆಗಸ್ಟಿನಲ್ಲಿ ಹುಣ್ಣು ಎಲುಬಿಗೆ ಇಳಿದಿದೆಯೆಂದು ಆಸ್ಪತ್ರೆಗೆ ಸೇರಿಸಿದರು. ಸೆಪ್ಟೆಂಬರಿನಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಜಿನ್‌ತೆ ಒಮ್ಮೆ ನೋಡಲು ಹೋಗಿದ್ದ. ಹೊದಿಕೆಯ ಕೆಳಗೆ ಎರಡೂ ಕಡೆ ಸಮನಾಗಿ ತಗ್ಗಿಹೋದ ಜಾಗವನ್ನು ನೋಡಿ, ತಂದಿದ್ದ ಪೇರುಹಣ್ಣಿನ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟು, ಕೆಲಸದ ಮಾತಾಡಿ ಬಂದಿದ್ದ. ಆಮೇಲೆ ಅವನೂ ಮೈದಾನಕ್ಕೆ ಹೋಗುವುದನ್ನು ಬಿಟ್ಟ. ಎಡಗಾಲಿನ ಬೂಟು ಚೀಲದಿಂದ ಹೊರಬರಲಿಲ್ಲ. ಮೊನ್ನೆ ಬೊಂಗಿಲ್ ಫೋನ್ ಮಾಡಿ, "ಭಾನುವಾರ ಮಿಜಾ ಅಂಗಡಿ ಹತ್ರ ಬಾ" ಎಂದಷ್ಟೇ ಹೇಳಿದ್ದ.

ಈಗ ಮಿಜಾ ಗಾಲಿಕುರ್ಚಿಯ ಮುಂದೆ ತನ್ನ ಸ್ಟೂಲು ಎಳೆದುಕೊಂಡು ಕೂತಳು. "ಕ್ಲಬ್ಬಲ್ಲಿ ಏನಂತಾರೆ ನಿಮಗೆ?"

"ಗೋಲಿ ಜಾಗ ಕೇಳ್ದೆ. ಅದಕ್ಕೆ ಕೈ ಒಂದು ಇರ್ಬೇಕಂತೆ, ಕಾಲು ಎರಡು ಇರ್ಬೇಕಂತೆ. ನನ್ನ ಹತ್ರ ಇರೋ ಲೆಕ್ಕ ತಲೆಕೆಳಗು." ಬೊಂಗಿಲ್ ತೊಡೆ ತಟ್ಟಿಕೊಂಡ. "ಇರ್ಲಿ. ಕೇಳಿ ನೀವು. ಯಾವಾಗ್ಲೂ ಕೇಳೋದು ಕೇಳಿ."

ಅವಳು ಜಿನ್‌ತೆಯ ಕಡೆ ನೋಡಿದಳು. ಅವನು ಲೇಸಿನ ಕಟ್ಟುಗಳು ನೇತಾಡುತ್ತಿದ್ದ ಗೋಡೆಯನ್ನು ನೋಡುತ್ತಿದ್ದ.

"ಯಾವ ನೆಲ?" ಎಂದಳು ಮಿಜಾ.

"ಪ್ಲಾಸ್ಟಿಕ್ ಹುಲ್ಲು. ಈ ಚಳಿಗಾಲದಲ್ಲಿ ಹೊಸದಾಗಿ ಹಾಸಿದಾರೆ, ಗಡಸು."

"ಎಲ್ಲಿ ನಿಲ್ಲೋದು?"

"ಹಿಂದೆ."

"ನಾನು ಹಿಂದೆ ನಿಲ್ಲೋನಲ್ಲ," ಎಂದ ಜಿನ್‌ತೆ. "ಅಲ್ಲದೆ ಆಡೋದು ಬಿಟ್ಟೆ ಅಂತ ಕೋಚ್‌ಗೆ ಹೇಳಾಗಿದೆ."

"ನಂಗೂ ಹೇಳಿದ್ರು. ನನ್ನ ಜಾಗ ಖಾಲಿ ಬಿದ್ದಿದೆ. ನಿನ್ನನ್ನ ಬಿಟ್ರೆ ಎಡಗಾಲಲ್ಲಿ ಚೆಂಡು ಹೊರಗೆ ಹಾಕೋನು ಇನ್ಯಾರೂ ಇಲ್ಲ. ಕೂತ್ಕೊ."

"ಅಣ್ಣ..."

"ಕೂತ್ಕೊಳೋ. ನಾನು ಕೂತಿಲ್ವಾ?"

ಜಿನ್‌ತೆ ಕೂತ. ಮಿಜಾ ಎದ್ದು ಅಗಲದ ಚರ್ಮದ ಬೂಟುಗಳಿದ್ದ ಕೆಳಗಿನ ಗೂಡಿಗೆ ಕೈ ಹಾಕಿದಳು.

"ಅದಲ್ಲ," ಎಂದ ಬೊಂಗಿಲ್. "ಮೊದಲು ಹೋದ ವರ್ಷದ್ದು ತನ್ನಿ. ಅದೇ ಅಳತೆ."

"ಅದು ಹಿಂದೆ ನಿಲ್ಲೋರಿಗಲ್ಲ ಕಣ್ರೀ."

"ಗೊತ್ತು. ತನ್ನಿ."

ಡಬ್ಬ ಬಂತು. ಬಣ್ಣ ಮಾತ್ರ ಬೇರೆ, ಈ ಸಲ ನೀಲಿ. ಮಿಜಾ ಎಡಗಾಲಿನದನ್ನು ಜಿನ್‌ತೆಯ ಕೈಗೆ ಕೊಟ್ಟಳು. ಅವನು ಅದನ್ನು ಹಾಕಿಕೊಳ್ಳದೆ ತೊಡೆಯ ಮೇಲಿಟ್ಟುಕೊಂಡ. ಅಂಗಡಿಯ ಹೊರಗೆ ಮೀನಿನ ಗಾಡಿಯೊಂದು ಗಂಟೆ ಬಾರಿಸುತ್ತ ಹೋಯಿತು. ಆ ಸದ್ದು ಅಡಗುವವರೆಗೂ ಅವನು ಕಾದ.

"ಅಣ್ಣ, ಆ ದಿನ ಹೋಟೆಲಲ್ಲಿ. ನಿನ್ನ ಕಾಲುಚೀಲ. ಬಟ್ಟಲು ಇನ್ನೂ ಬಂದಿರಲಿಲ್ಲ. ನಾನು ನೋಡಿದ್ದೆ."

ಬೊಂಗಿಲ್ ಕುರ್ಚಿಯ ಚಕ್ರವನ್ನು ಅವನ ಕಡೆಗೆ ಸ್ವಲ್ಪ ತಿರುಗಿಸಿದ. "ಕಾಲುಚೀಲ ಒಗೆದೋನು ನಾನು," ಎಂದ. "ಕಿಮ್ಚಿ ರಸಾನೋ ಅಲ್ವೋ ಅಂತ ನಂಗೆ ಗೊತ್ತಾಗಲ್ವಾ?"

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೂಟು ಬಿಚ್ಚು ಅಂತಿದ್ದೆ."

"ಅಂತಿದ್ದೆ. ಒಂದು ಜೋಡಿ ಬೂಟು ಅಣ್ಣ ಅದು! ನಾನು ನಂದು ಬೇರೆ ತಗೋತಿದ್ದೆ, ನೀನು ಅಗಲದ್ದು ತಗೋತಿದ್ದೆ..."

"ಅದೇ," ಎಂದ ಬೊಂಗಿಲ್. "ನೀನು ಬೇರೆ, ನಾನು ಬೇರೆ. ಈ ವಯಸ್ಸಲ್ಲಿ ಇನ್ನೊಬ್ಬ ಎಡಗಾಲಿನೋನನ್ನ ನಾನೆಲ್ಲಿ ಹುಡುಕ್ಕೊಂಡು ಹೋಗ್ಲೋ?"

ಮಿಜಾ ಡಬ್ಬದೊಳಗಿನ ತೆಳುಕಾಗದವನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಹಾಕ್ಕೊ," ಎಂದ ಬೊಂಗಿಲ್.

ಜಿನ್‌ತೆ ಬಗ್ಗಿ ಎಡಗಾಲಿಗೆ ಬೂಟು ತೊಟ್ಟು ಲೇಸು ಬಿಗಿದ. ಹೋದ ವರ್ಷದಂತೆಯೇ, ಎಲ್ಲೂ ಸಂದಿಲ್ಲದೆ ಕೂತಿತು. ತಲೆ ಎತ್ತಲಿಲ್ಲ.

"ಸರಿಯಾಗಿದೆಯಾ?"

"ಹೂಂ."

"ಹಾಗಾದ್ರೆ ನಂದು ಕೊಡಿ," ಎಂದು ಬೊಂಗಿಲ್ ಮಿಜಾಳತ್ತ ಕೈ ಚಾಚಿದ. "ಬಲಗಾಲಿಂದು ಯಾವತ್ತೂ ನಂದೇ."

ಅವಳು ಬೂಟಿನ ನಾಲಗೆ ಎತ್ತಿ, ಲೇಸು ಸಡಿಲಿಸಿ ಕೊಟ್ಟಳು. ಅಭ್ಯಾಸಬಲದಿಂದ ಹಿಮ್ಮಡಿ ಜಾರಿಸಿ ಬೂಟು ಹಾಕುವ ಚಮಚಕ್ಕೂ ಕೈ ಹೋಗಿತ್ತು, ಅರ್ಧಕ್ಕೇ ಹಿಂದೆಗೆದಳು. ಬೊಂಗಿಲ್ ಬೂಟನ್ನು ತೊಡೆಯ ಮೇಲಿಟ್ಟು, ಬಲಗೈಯನ್ನು ಅದರೊಳಗೆ ತುರುಕಿದ. ಲಾರಿಯ ಸ್ಟೀರಿಂಗ್ ಚಕ್ರ ತಿರುಗಿಸಿ ತಿರುಗಿಸಿ ದಪ್ಪಗಾದ ಕೈ. ಅಂಗೈ ಒಂದು ಕಡೆ ಸಿಕ್ಕಿಕೊಂಡಿತು. ಹಲ್ಲು ಕಚ್ಚಿ ಬೆರಳುಗಳನ್ನು ತುದಿಯವರೆಗೂ ತಳ್ಳಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

"ಒತ್ತಿ ನೋಡಿ," ಎಂದ.

ಮಿಜಾ ಅಲುಗಲಿಲ್ಲ.

"ಒತ್ತಿ ಯಜಮಾನಿ. ನಾನು ನೋಡಲ್ಲ."

ಅವಳು ಸ್ಟೂಲನ್ನು ಮುಂದಕ್ಕೆ ಸರಿಸಿ ಕೂತು, ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಳು.

"ನಡುಬೆರಳ ತುದಿ," ಎಂದ ಬೊಂಗಿಲ್.

ಅವಳು ಕೈ ಸರಿಸಿದಳು.

"ಮೇಲೆ. ಲೇಸಿನ ಹತ್ರ."

ಹೆಬ್ಬೆರಳು ಹೊರ ಅಂಚಿಗೆ ಬಂದು ಅಲ್ಲಿ ನಿಂತಿತು. ಜಿನ್‌ತೆ ತಲೆ ಎತ್ತಿ ನೋಡಿದ. ಬೊಂಗಿಲ್‌ನ ರೆಪ್ಪೆಗಳು ಬಿಗಿಯಾಗಿ ಮುಚ್ಚಿಕೊಂಡಿದ್ದವು.

"ಕಿರುಬೆರಳಿನ ಬುಡ," ಎಂದ ಬೊಂಗಿಲ್. ಸ್ವಲ್ಪ ತಡೆದು ಹೇಳಿದ: "ಇಲ್ಲಿ ಬಿಗಿ. ನೋಯ್ತಿದೆ. ಇದು ಬೇಡ, ಅಗಲದ್ದು ತನ್ನಿ."

ಮಿಜಾ ಎದ್ದು ಒಳಗೆ ಹೋದಳು. ಗೂಡಿನಲ್ಲಿ ಡಬ್ಬಗಳನ್ನು ಒಂದೊಂದಾಗಿ ಸರಿಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಬೊಂಗಿಲ್ ಕಣ್ಣು ತೆರೆಯದೆ, ಬೂಟಿನೊಳಗಿನ ಕೈಯನ್ನೂ ತೆಗೆಯದೆ ಹಾಗೇ ಕೂತಿದ್ದ. ಅವನೆದುರು ಜಿನ್‌ತೆ ಬಗ್ಗಿ, ತನ್ನ ಎಡಗಾಲಿನ ಲೇಸನ್ನು ಒಂದೊಂದೇ ತೂತಿನಿಂದ ಬಿಡಿಸತೊಡಗಿದ.