ಮೂರು ಕಲ್ಲಿನ ಕೆಳಗಿನ ಡಬ್ಬಿ

ಬೈಕ್ ಹತ್ತುವ ಮೊದಲೇ ಮಮತಾ ಷರತ್ತು ಹಾಕಿದಳು. "ಅಪ್ಪ, ಇವತ್ತು ಯಾರ ಮೇಲಾದ್ರೂ ಒಂದೇ ಒಂದು ಸಲ ಕೂಗಾಡಿದ್ರೆ, ಮುಗೀತು. ಇನ್ನು ಯಾವತ್ತೂ ನಿನ್ ಜೊತೆ ಬರಲ್ಲ."

"ಆತು ಬಿಡವ್ವ," ಅಂದೆ.

ನ್ಯಾಮತಿಯ ಅವರ ಮನೆಯ ಬಾಗಿಲಲ್ಲಿ ಅವಳ ತಾಯಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾವು ಬೇರೆಯಾದ ಮೇಲೆ ತಿಂಗಳಿಗೊಂದು ಭಾನುವಾರ ಮಗಳು ನನ್ನ ಪಾಲಿಗೆ. ಹಿರಿಯರು ಬಾಯಿಮಾತಲ್ಲಿ ಮಾಡಿದ ಒಪ್ಪಂದ ಅದು. ಹುಡುಗಿ ಬರಲ್ಲ ಅಂದರೆ ಅದೂ ಇಲ್ಲ. ಹೋದ ತಿಂಗಳು ಬರಲಿಲ್ಲ, ಅದರ ಹಿಂದಿನ ತಿಂಗಳೂ ಬರಲಿಲ್ಲ. ಇವತ್ತು ಬಂದದ್ದು ನನಗಾಗಿ ಅಲ್ಲ. ಸವಳಂಗದ ಆಚೆಯ ಗುಡ್ಡದಲ್ಲಿ ತಾನು ವರ್ಷದ ಹಿಂದೆ ಬಚ್ಚಿಟ್ಟ ಡಬ್ಬಿ ನೋಡಲಿಕ್ಕೆ.

ಅವಳ ಮೇಷ್ಟ್ರು ಪ್ರವೀಣ್ ಕುಮಾರ್ ಕಲಿಸಿದ ಆಟ. ಲೆಟರ್‌ಬಾಕ್ಸಿಂಗ್ ಅಂತ ಹೆಸರು. ಕಾಡುದಾರಿಯಲ್ಲಿ ಒಂದು ಡಬ್ಬಿ ಬಚ್ಚಿಡುವುದು. ಒಳಗೆ ಒಂದು ಪುಸ್ತಕ, ರಬ್ಬರಿನಲ್ಲಿ ಕೆತ್ತಿದ ಒಂದು ಸೀಲು. ಸುಳಿವು ಹಿಡಿದು ಹುಡುಕಿದವರು ಆ ಸೀಲನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಸೀಲನ್ನು ಅಲ್ಲಿನ ಪುಸ್ತಕದಲ್ಲಿ ಒತ್ತಿ, ಡಬ್ಬಿ ಇದ್ದಲ್ಲೇ ಇಟ್ಟು ಬರಬೇಕು. ಕೆಲಸವಿಲ್ಲದವರ ಆಟ ಅಂತ ನನಗನ್ನಿಸಿತು.

ಗುಡ್ಡ ಹತ್ತುವಾಗ ಅವಳು ಒಂದು ರಬ್ಬರ್ ನನ್ನ ಕೈಗಿಟ್ಟಳು. "ಇದು ನಿನ್ ಸೀಲು. ನಾನೇ ಕೆತ್ತಿದ್ದು."

"ಇದೇನೇ, ಮೆಣಸಿನಕಾಯಿ?"

"ನಿನ್ ಮುಖ ಕೆತ್ತಾಕೆ ಬರಲಿಲ್ಲ. ಎರಡೂ ಒಂದೇ ಅಲ್ಲೇನು?"

ನಕ್ಕಳು. ನಾನೂ ನಕ್ಕೆ. ಈ ಸೀಲು ಡಬ್ಬಿಯೊಳಗಿನ ಅವಳ ಪುಸ್ತಕದಲ್ಲಿ ಬಿದ್ದುಬಿಟ್ಟರೆ ಮುಂದಿನ ತಿಂಗಳೂ ಬರುತ್ತಾಳೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆ ಕೂತಿತೋ, ಆಮೇಲೆ ಅದು ಏಳಲೇ ಇಲ್ಲ.

"ದಾರಿ ಕವಲಾಗೋ ಕಡೆ, ಮತ್ತಿ ಮರದ ಬುಡ, ಮೂರು ಕಲ್ಲಿನ ಕೆಳಗೆ," ಅನ್ನುತ್ತ ಅವಳು ಮುಂದೆ ಓಡಿದಳು. ಓಡಿದವಳು ಹಾಗೇ ನಿಂತಳು.

ಮತ್ತಿ ಮರದ ಬುಡದಲ್ಲಿ ಸೊಂಟದೆತ್ತರ ಕಲ್ಲಿನ ಗುಡ್ಡೆ. ಮೇಲೆ ಅರಿಶಿನ, ಕುಂಕುಮ, ಹಸಿರು ಬಳೆ, ಒಂದು ಕುಪ್ಪಸದ ಕಣ.

ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ಕೆಂಪಕ್ಕ ಅಂತೆ. "ಚಪ್ಲಿ ಬಿಡ್ರಿ. ದಾರಿಯಮ್ಮ ಅವಳು. ಹೋಗೋರು ಬರೋರು ಒಂದು ಕಲ್ಲು ಹಾಕಿ, ಮನಸ್ನಾಗೆ ಇದ್ದದ್ದು ಕೇಳ್ಕೊತಾರೆ. ಮೊದ್ಲು ಮೂರೇ ಕಲ್ಲು ಇದ್ವು."

"ಅಜ್ಜಿ, ಆ ಮೂರು ಕಲ್ಲು ನಾನೇ ಇಟ್ಟಿದ್ದು! ಕೆಳಗೆ ನನ್ ಡಬ್ಬಿ ಐತೆ!"

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾದ್ರೆ ನಿನ್ ಕೈಯಾಗೇ ಬಂದಾಳೆ ಕಣವ್ವ ಅಮ್ಮ. ನನ್ ಸೊಸೆ ಬಸುರಿ ನಿಂತಿದ್ದು ಇಲ್ಲಿ ಕಲ್ಲು ಹಾಕಿದ ಮೇಲೇ."

ಮಮತಾ ಬಿದ್ದು ಬಿದ್ದು ನಕ್ಕಳು. "ಅಪ್ಪ, ಮೇಷ್ಟ್ರಿಗೆ ಹೇಳಿದ್ರೆ ನಂಬಾದೇ ಇಲ್ಲ! ಇರ್ಲಿ ಬಿಡು, ಡಬ್ಬಿ ಒಳಗೇ ಇರ್ಲಿ. ನಾವೂ ಒಂದು ಕಲ್ಲು ಹಾಕಿ ಹೋಗಾಣ."

ಅಲ್ಲಿಗೆ ಬಿಡಬೇಕಿತ್ತು. ಆದರೆ ಸೀಲು ನನ್ನ ಮುಷ್ಟಿಯಲ್ಲಿತ್ತು. ಒತ್ತದೆ ಹೋದರೆ ಈ ದಿನ ಹೋಯಿತು, ಇವಳೂ ಹೋದಳು. ನಾನು ಬಗ್ಗಿ ಕಲ್ಲು ಕಿತ್ತೆಸೆಯತೊಡಗಿದೆ.

"ಅಯ್ಯೋ, ಕೈ ಹಚ್ಚಬ್ಯಾಡ್ರೀ!" ಕೆಂಪಕ್ಕ ಕಿರುಚಿದಳು.

"ಅಪ್ಪ, ಬ್ಯಾಡ!"

ನಾನು ಮಾತಾಡಲಿಲ್ಲ. ಹಲ್ಲು ಕಚ್ಚಿದ್ದೆ. ಬಾಯಿ ತೆರೆದರೆ ಕೂಗು ಬರುತ್ತದೆ ಅಂತ ಗೊತ್ತಿತ್ತು. ಬಳೆ ಒಡೆದವು, ಉಗುರು ಕಿತ್ತು ರಕ್ತ ಬಂತು. ಮುದುಕಿ ನನ್ನ ರಟ್ಟೆ ಹಿಡಿದಳು. ಕೊಡವಿದೆ. ಅವಳು ಕಲ್ಲುಗಳ ಮೇಲೆ ಬಿದ್ದಳು. ಅದನ್ನು ಕಂಡೂ ನಾನು ನಿಲ್ಲಲಿಲ್ಲ.

ಡಬ್ಬಿ ಸಿಕ್ಕಿತು. ಭಾರಕ್ಕೆ ಅಪ್ಪಚ್ಚಿಯಾಗಿತ್ತು. ಪುಸ್ತಕವನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಆದರೂ ಎತ್ತಿ ಹಿಡಿದೆ. "ಸಿಕ್ತು ನೋಡವ್ವ! ಬಾ, ಒತ್ತಾಣ!"

ಮಮತಾ ಮುದುಕಿಯ ಮೊಣಕೈಗೆ ತನ್ನ ವೇಲ್ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಕೂಗಲಿಲ್ಲ, ಮಮತಾ. ಒಂದು ಮಾತೂ ಆಡಲಿಲ್ಲ. ನೀನೇ ಹೇಳು, ಕೂಗಿದ್ನಾ?"

"ಇಲ್ಲಪ್ಪ." ವೇಲಿನ ಗಂಟು ಬಿಗಿದಳು. "ಕೂಗಿದ್ರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ."

ಮುದುಕಿಯನ್ನು ಎಬ್ಬಿಸಿ, ತೋಳು ಹಿಡಿದುಕೊಂಡು ಇಳಿಯತೊಡಗಿದಳು. "ಅಮ್ಮ, ಬಂದು ಕರ್ಕೊಂಡು ಹೋಗು," ಅಂತ ಫೋನಿನಲ್ಲಿ ಹೇಳುವುದು ನನಗೆ ಕೇಳಿಸಿತು. ಅವರ ಹಿಂದೆ ಎರಡು ಹೆಜ್ಜೆ ಇಟ್ಟೆ. ಸಪ್ಪಳಕ್ಕೆ ಅವಳ ನಡಿಗೆ ಜೋರಾಯಿತು. ನಾನು ನಿಂತುಬಿಟ್ಟೆ.

ಅವರು ಮರೆಯಾದ ಮೇಲೆ ಕಲ್ಲುಗಳನ್ನು ತಿರುಗಿ ಪೇರಿಸಲು ಕೂತೆ. ಯಾವುದು ಅಡಿಯಲ್ಲಿತ್ತು, ಯಾವುದು ಮೇಲಿತ್ತು ಒಂದೂ ತಿಳಿಯಲಿಲ್ಲ. ಇಟ್ಟ ಹಾಗೆಲ್ಲ ಉರುಳಿ ಬೀಳುತ್ತಿದ್ದವು. ಮೇಕೆಗಳು ಸುತ್ತ ನಿಂತು ನೋಡುತ್ತಿದ್ದವು.