ಕೈ ಮುರಿದ ವರ್ಷ

ಹತ್ತಿಮತ್ತೂರಿನ ಗಾರೆಕೆಲಸದ ಗೌಂಡಿ ಮೈಲಾರಪ್ಪನ ಸಾಕ್ಷಿಯನ್ನು ಅವನ ಹೆಂಡತಿ ಗುತ್ತೆವ್ವ ಹನ್ನೊಂದು ವರ್ಷದಿಂದ ಕೇಳುತ್ತಾ ಬಂದಿದ್ದಳು. ಹಾನಗಲ್ಲಿನಲ್ಲಿ ಕೇಳಿದ್ದಳು, ಶಿಗ್ಗಾಂವಿಯಲ್ಲಿ ಕೇಳಿದ್ದಳು, ಸವಣೂರಿನಲ್ಲಂತೂ ಎಷ್ಟು ಸಲವೋ. ಯೇಸುಸ್ವಾಮಿಯನ್ನು ನಂಬಿ ತಾನು ಹೊಸದಾಗಿ ಹುಟ್ಟಿದ್ದು ಹೇಗೆಂದು ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಹೇಳುವುದೇ ಸಾಕ್ಷಿ. ಕುಡಿದದ್ದು, ಗಟಾರದಲ್ಲಿ ಬಿದ್ದದ್ದು, ಹೆಂಡತಿಯನ್ನು ಬಡಿದದ್ದು, ಆಮೇಲೆ ವರದಾ ಹೊಳೆಯಲ್ಲಿ ದೀಕ್ಷಾಸ್ನಾನ, ಆಮೇಲೆ ಕಣ್ಣೀರು. ಹೇಳಹೇಳುತ್ತಾ ಕಡ್ಡಿ ಗುಡ್ಡವಾಗಿತ್ತು. ಮೊದಮೊದಲು ಬರಿಗೈಯಲ್ಲಿ ಹೊಡೆಯುತ್ತಿದ್ದ ಮನುಷ್ಯ ಈಚೆಗೆ ಸಾಕ್ಷಿಯೊಳಗೆ ಕೊಡಲಿ ಹಿಡಿದು ಓಣಿತುಂಬ ಓಡುತ್ತಿದ್ದ. ಅವರ ಮನೆಯಲ್ಲಿ ಕೊಡಲಿಯೇ ಇರಲಿಲ್ಲ.

ಅದನ್ನೂ ಹೇಗೋ ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಕೈ ಎತ್ತುವುದು. “ಇದ ಪಾಪಿಷ್ಟ ಕೈಲೆ ಈಕಿ ಕೈ ಮುರದೆ” ಎಂದು ಗಂಡ ಹೇಳಿದ ಕೂಡಲೇ, ಹೆಂಗಸರ ಮುಂದಿನ ಸಾಲಿನಲ್ಲಿ ಕುಳಿತ ಗುತ್ತೆವ್ವ ಸೊಟ್ಟಗೆ ಕೂಡಿಕೊಂಡ ತನ್ನ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಬೇಕು. ಕೂಟದ ಮಂದಿ “ಸ್ತೋತ್ರ, ಸ್ತೋತ್ರ” ಎನ್ನುತ್ತಾರೆ. ವಾರದಲ್ಲಿ ಆರು ದಿನ ಆ ಕೈಯನ್ನು ಮರೆತಿರುತ್ತಿದ್ದ ಅವಳಿಗೆ ಭಾನುವಾರ ಮಾತ್ರ ಅದು ನೋಯುತ್ತಿತ್ತು.

ಆದರೆ ನಿಜ ಬೇರೆಯೇ ಇತ್ತು. ಆ ಕೈ ಮುರಿದದ್ದು ಗಂಡ ಹೊಳೆಯಲ್ಲಿ ಮುಳುಗುವುದಕ್ಕೆ ಮುಂಚೆ ಅಲ್ಲ, ಮುಳುಗಿ ಎದ್ದ ಮರುವರ್ಷ. ಕುಡಿತ ಬಿಟ್ಟಾಗಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಮೈಮೇಲೆ ಎಚ್ಚರವಿದ್ದೇ ತಿರುವಿದ್ದ. ಹಾಗೆಂದು ಹೇಳಿದರೆ ಹೊಸ ಹುಟ್ಟಿಗೆ ಕುಂದು ಬಂದೀತೆಂದು ಅವನು ಸಾಕ್ಷಿಯಲ್ಲಿ ಆ ದಿನವನ್ನು ಎರಡು ವರ್ಷ ಹಿಂದಕ್ಕೆ ಸರಿಸಿಬಿಟ್ಟ. ಇವಳೂ ಬಾಯಿ ಬಿಡಲಿಲ್ಲ. ಒಮ್ಮೆ ಮಾತ್ರ, ಯಾರದೋ ಸುದ್ದಿ ಎಂಬಂತೆ, ಪಾಸ್ಟರ್ ಸುಭಾಸರನ್ನು ಕೇಳಿದ್ದಳು. ಅವರು ನಕ್ಕು, “ಹೊಸದಾಗಿ ಹುಟ್ಟಿದ ಕೂಸು ನಡಿಯೂದು ಕಲಿಯೂವಾಗ ಬೀಳತೈತಿ ಅಕ್ಕಾರ” ಎಂದಿದ್ದರು. ಕೂಸು ಬಿದ್ದರೆ ತರಚುವುದು ಕೂಸಿನದೇ ಮೊಣಕಾಲು. ಇದ್ಯಾವ ಕೂಸು, ತಾನು ಬಿದ್ದು ನನ್ನ ಕೈ ಮುರಿಯುವುದು ಎಂದು ಗುತ್ತೆವ್ವ ಮನಸ್ಸಿನಲ್ಲೇ ಅಂದುಕೊಂಡಳು. ಪಾಸ್ಟರಿಗೆ ಎದುರು ಮಾತಾಡಿ ಅಭ್ಯಾಸವಿರಲಿಲ್ಲ.

ಈ ಭಾನುವಾರ ಹಂಸಭಾವಿಯಲ್ಲಿ ಕೂಟ. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು. ಸಾಕ್ಷಿಗೆ ಇನ್ನೂ ಹೊತ್ತಿದೆಯೆಂದು ಹಿಂದಿನ ತಗಡಿನ ಶೆಡ್ಡಿನಲ್ಲಿ ಅಡುಗೆಗೆ ಉಳ್ಳಾಗಡ್ಡಿ ಸುಲಿಯುತ್ತಾ ಕುಳಿತಳು. ಪಕ್ಕದಲ್ಲಿ ಬಂದು ಕುಳಿತವಳು ಆ ಊರಿನ ಸೊಸೆ, ವಿದ್ಯಾಶ್ರೀ. ಇಪ್ಪತ್ತೆರಡರ ಮೇಲಿರಲಿಕ್ಕಿಲ್ಲ. ಕೆಳತುಟಿ ಊದಿತ್ತು.

“ಅಕ್ಕಾರ, ಒಂದ ಮಾತ ಕೇಳ್ಲಿ? ಸವಣೂರಾಗ ನಿಮ್ಮ ಸಾಕ್ಷಿ ಕೇಳೇನಿ. ಅಣ್ಣಾರು ಸ್ನಾನಾ ತಗೊಂಡ ಮ್ಯಾಲೆ ಒಮ್ಮೆನೂ ಕೈ ಮಾಡಿಲ್ಲಂತಲ್ರಿ. ನಮ್ಮನಿಯವ್ರು ತಗೊಂಡು ಎರಡ ತಿಂಗಳಾತು. ಮೊನ್ನೆ ಮತ್ತ...” ಅವಳು ತುಟಿ ಮುಟ್ಟಿಕೊಂಡಳು. “ನನ್ನ ನಂಬಿಕಿನ ಕಡಿಮಿ ಐತೇನ್ರಿ? ಇನ್ನಷ್ಟು ಉಪಾಸ ಮಾಡ್ಲೇನು?”

ಗುತ್ತೆವ್ವನಿಗೆ ಮೈಯೆಲ್ಲ ನಾಚಿಕೆಯಾಯಿತು. ಇಷ್ಟು ವರ್ಷ ತನ್ನ ಗಂಡನ ಮಾನವನ್ನು ಮಾತ್ರ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಆ ಸುಳ್ಳು ಊರೂರಿನಲ್ಲಿ ಇಂಥ ಎಷ್ಟು ಹೆಣ್ಣುಮಕ್ಕಳನ್ನು ಉಪವಾಸ ಕೆಡವಿತ್ತೋ.

“ಇದ ನೋಡ, ತಂಗಿ. ಈ ಕೈ ಮುರದದ್ದು ಸ್ನಾನಾ ಆಗಿ ಒಂದ ವರ್ಷಕ್ಕ.”

ವಿದ್ಯಾಶ್ರೀ ಅವಳ ಕೈಯನ್ನೇ ನೋಡಿದಳು, ಆಮೇಲೆ ಮುಖ ನೋಡಿದಳು.

“ಮತ್ತ ನೀವ್ಯಾಕ ಎತ್ತಿ ತೋರಸ್ತಿದ್ರಿ ಅಕ್ಕಾರ?”

ಗುತ್ತೆವ್ವ ಚಾಕು ಕೆಳಗಿಟ್ಟು ಎದ್ದಳು. ಮೈಲಾರಪ್ಪ ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದ.

“ಇವತ್ತ ಇದ್ದದ್ದು ಇದ್ದಂಗ ಹೇಳ್ರಿ. ಇಲ್ಲಂದ್ರ ನಾ ಕೈ ಎತ್ತೂದಿಲ್ಲ.”

ಅವನಿಗೆ ಯಾವ ಮಾತೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಲೋಟ ಕೆಳಗಿಟ್ಟ. “ಹೇಳಿದ್ರ ನಾ ಹೊಸದಾಗಿ ಹುಟ್ಟಿದ್ದ ಸುಳ್ಳು ಅಂತಾರ ಮಂದಿ.”

“ಹುಟ್ಟಿದ್ದು ಸುಳ್ಳಲ್ಲ. ಹೇಳೂ ದಿನಾ ಸುಳ್ಳು” ಎಂದು ಹೇಳಿ ಅವಳು ಒಳಗೆ ಹೋದಳು.

ಹುಟ್ಟಿದ್ದು ಸುಳ್ಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಮುರಿದ ಕೈಗೆ ಸಿಮೆಂಟು ಪಟ್ಟಿ ಹಾಕಿದ್ದ ನಲವತ್ತು ದಿನ ಅವನು ಕೆಲಸಕ್ಕೆ ಹೋಗುವ ಮುಂಚೆ ರೊಟ್ಟಿ ಬಡಿದ. ಅವು ಹೆಂಚಿಗೆ ಬೀಳುವಷ್ಟರಲ್ಲೇ ಹರಿಯುತ್ತಿದ್ದವು. ಅವಳ ತಲೆ ಬಾಚಿ ಹೆರಳು ಹಾಕಿದ, ಬೈತಲೆ ಒಂದು ದಿನವೂ ನೆಟ್ಟಗೆ ಬರಲಿಲ್ಲ. ಓಣಿಯವರು ನಕ್ಕರು, ಅವನು ತಲೆ ತಗ್ಗಿಸಿಕೊಂಡೇ ಇದ್ದ. ಅಲ್ಲಿಂದೀಚೆಗೆ ಕೈ ಎತ್ತಿದ್ದಿಲ್ಲ. ಹೊಳೆಯ ದಂಡೆಯಲ್ಲಿ ಇನ್ನೂರು ಮಂದಿ ಹಾಡಿದ್ದರು. ರೊಟ್ಟಿ ಹರಿಯುವಾಗ ಸ್ತೋತ್ರ ಹೇಳಲು ಯಾರೂ ಇರಲಿಲ್ಲ. ಆ ನಲವತ್ತು ದಿನದ ಮಾತನ್ನು ಅವನು ಒಂದು ಸಾಕ್ಷಿಯಲ್ಲೂ ಎತ್ತಲಿಲ್ಲ. ಕೊಡಲಿ ಹಿಡಿದದ್ದನ್ನು ಹೇಳಿಕೊಳ್ಳಬಹುದು, ಹಣಿಗೆ ಹಿಡಿದದ್ದನ್ನು ಹೇಳಿಕೊಳ್ಳಲಿಕ್ಕೆ ಗಂಡಸಿಗೆ ಸಂಕೋಚ.

ಸಾಕ್ಷಿ ಶುರುವಾಯಿತು. ಕುಡಿದದ್ದಾಯಿತು, ಗಟಾರವಾಯಿತು. “ಇದ ಪಾಪಿಷ್ಟ ಕೈಲೆ ಈಕಿ ಕೈ ಮುರದೆ” ಎಂದ ಮೈಲಾರಪ್ಪ. ಕೂಟವೆಲ್ಲ ಗುತ್ತೆವ್ವನ ಕಡೆ ತಿರುಗಿತು. ಅವಳು ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಯಾರೋ ಬೆನ್ನಿಗೆ ತಿವಿದರು. ಅವನು ಮತ್ತೊಮ್ಮೆ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಸುಮ್ಮನಾದ.

“ಕುಡದ ಮುರದದ್ದಲ್ರಿ ಅದು” ಎಂದ ಕೊನೆಗೆ. “ಸ್ನಾನಾ ಆದ ಮ್ಯಾಲೆ. ಎಚ್ಚರ ಇದ್ದಾಗ. ಇಷ್ಟ ವರ್ಷ ಸುಳ್ಳ ಹೇಳೇನಿ.”

ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರ್ ಸುಭಾಸರ ಮುಖ ಸಣ್ಣದಾಯಿತು. ಹೇಗಾದರೂ ದಡ ಮುಟ್ಟಿಸಬೇಕೆಂದು, “ಹಂಗಾದ್ರ ಬ್ರದರ್, ನೀವು ಹೊಸದಾಗಿ ಹುಟ್ಟಿದ್ದು ಯಾವಾಗ?” ಎಂದು ಕೇಳಿದರು.

“ನನಗ ಗೊತ್ತಿಲ್ರಿ. ಹುಟ್ಟಿದಾಂವಗ ಏನ ಗೊತ್ತಿರತೈತಿ? ಆಕಿನ್ನ ಕೇಳ್ರಿ.”

ಮೈಕು ಕೈಯಿಂದ ಕೈಗೆ ದಾಟಿ ಗುತ್ತೆವ್ವನ ಹತ್ತಿರ ಬಂತು. ಅವಳಿಗೆ ಸಿಟ್ಟಿರಲಿಲ್ಲ, ಗೆದ್ದ ಹಿಗ್ಗೂ ಇರಲಿಲ್ಲ, ದಣಿವಾಗಿತ್ತು ಅಷ್ಟೇ. ಮಂದಿಯ ಕಣ್ಣು ಅವಳ ಮೇಲೆ ಬೀಳಬಾರದೆಂದು, ವಿದ್ಯಾಶ್ರೀ ಕುಳಿತಿದ್ದ ಕಡೆ ಮಾತ್ರ ಬೇಕೆಂದೇ ನೋಡಲಿಲ್ಲ.

“ಇಂಥಾ ದಿನಾನ ಅಂತ ಹೇಳಾಕ ಬರೂದಿಲ್ರಿ. ಭಾಳ ದಿನಾ ಹಿಡೀತು. ಹೊಡಿಸಿಕೊಳ್ಳಾಕಿ ಅಲ್ಲೀತನಕ ಕಾಯ್ಕೊಂತ ಕುಂದ್ರಬ್ಯಾಡ್ರಿ. ತವರಿಗೆ ಹೋಗ್ರಿ. ಆಂವ ಹುಟ್ಟಿದ ಮ್ಯಾಲೆ ಬಂದು ಕರಕೊಂಡ ಹೋಗ್ಲಿ.”

ಇಷ್ಟು ಹೇಳಿ, ಮೈಕನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ, ಮಡಿಲಲ್ಲಿಟ್ಟುಕೊಂಡು ಕುಳಿತಳು. ಅದನ್ನು ತೆಗೆದುಕೊಳ್ಳಲು ಯಾರೂ ಕೈ ಚಾಚಲಿಲ್ಲ.