ಕೊಸರು

ಅಂಗಡಿಯ ರೊಡೆಲ್ ಗ್ಯಾರಂಟಿ ಸ್ಟಿಕ್ಕರಿನ ಹಿಂದಿನ ಕಾಗದ ಸುಲಿಯುತ್ತಿದ್ದಂತೆ ಹೆರ್ಮೀನಿಯಾ ಕಂಪ್ಯೂಟರ್ ಡಬ್ಬದ ಮೇಲೆ ಅಂಗೈ ಊರಿದಳು.

"ತಡಿಯಪ್ಪ. ಮೊದ್ಲು ಇದರ ಮುಚ್ಚಳ ತೆಗಿ."

ಸ್ಟಿಕ್ಕರ್ ಅಂಟಿಸಿದ ಮೇಲೆ ಡಬ್ಬ ಬಿಚ್ಚಿದರೆ ಗ್ಯಾರಂಟಿ ಹೋಯಿತೆಂದೇ ಲೆಕ್ಕ. ಕಂಪ್ಯೂಟರ್ ಅಂಗಡಿಗಳ ಈ ಗಿಲ್ಮೋರ್ ಬೀದಿಗೆ ಬರುವವರಿಗೆಲ್ಲ ಇದು ಗೊತ್ತು.

"ಅಮ್ಮಾ, ಈಗ್ತಾನೆ ಆನ್ ಮಾಡಿ ತೋರಿಸಿದ್ರಲ್ಲ," ಎಂದು ಮಗಳು ಜೊವೆಲಿನ್ ಪಿಸುಗುಟ್ಟಿದಳು. ಅವಳ ಕಿವಿ ಕೆಂಪಗಾಗಿತ್ತು. ನಾಳೆ ಶನಿವಾರ ಕಾಲೇಜಿನ ಗೇಮಿಂಗ್ ತಂಡದ ಆಯ್ಕೆ, ಮನೆಯಿಂದಲೇ ಆಡಬೇಕು. ಗೆದ್ದರೆ ಶುಲ್ಕ ಪೂರ್ತಿ ಮಾಫಿ. ಹಳೆಯ ಕಂಪ್ಯೂಟರ್ ಆಟ ಬಿಸಿಯೇರುತ್ತಿದ್ದಂತೆ ಪಕ್ಕನೆ ಆರಿಹೋಗುತ್ತಿತ್ತು. ಮೂರು ವಾರ ಅಳೆದು ಸುರಿದು ಅವಳು ಆರಿಸಿದ್ದು ದೀಪವಿಲ್ಲದ ಈ ಕಪ್ಪು ಡಬ್ಬವನ್ನು. ಬಣ್ಣದ ದೀಪ ಮಿನುಗುವ ಗಾಜಿನ ಡಬ್ಬ ಅಷ್ಟೇ ಬೆಲೆಗೆ ಪಕ್ಕದಲ್ಲೇ ಇದ್ದರೂ, ಒಳಗೆ ಹುರುಳಿಲ್ಲವೆಂದು ಬೇಡವೆಂದಿದ್ದಳು. ಇದ್ದದ್ದು ಮೂವತ್ತೆರಡು ಸಾವಿರ ಪೆಸೊ, ಹೆರ್ಮೀನಿಯಾ ತಾನು ಮೀನು ಮಾರುವ ಮಾರ್ಕೆಟ್ಟಿನ ಹೆಂಗಸರ ಜೊತೆ ಹಾಕಿದ ಚೀಟಿಯ ದುಡ್ಡು. ಇನ್ನೊಂದು ಸರದಿ ಬರಲು ವರ್ಷ ಕಾಯಬೇಕು.

ರೊಡೆಲ್ ಬೆಲೆಯಲ್ಲಿ ಒಂದು ಪೆಸೊ ಕೂಡ ಬಿಟ್ಟಿರಲಿಲ್ಲ. ಹಾಗೆಂದು ಹೆರ್ಮೀನಿಯಾ ಬರಿಗೈಯಲ್ಲಿ ಹೋಗುವವಳೇ? ಕೊಸರು ಕೇಳಿದಳು. ಒಂದು ಹೆಡ್‌ಫೋನು, ದೀಪ ಹೊತ್ತಿಕೊಳ್ಳುವ ಒಂದು ಕೀಬೋರ್ಡು. ಅವನು ಒಂದಿಷ್ಟೂ ಕೊಸರಾಡದೆ, ನಗುನಗುತ್ತ ಒಪ್ಪಿ, ಡಬ್ಬ ಪರೀಕ್ಷಿಸಿ ತರುತ್ತೇನೆಂದು ಅದನ್ನು ಒಳಗೆ ಒಯ್ದಿದ್ದ. ಬರಲು ಅರ್ಧ ಗಂಟೆ ಹಿಡಿಯಿತು.

ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅದು ಅವಳದೇ ನಗು.

"ಅಮ್ಮಾವ್ರೇ, ಇದೊಂದೇ ಉಳಿದಿರೋದು. ನಂಬಿಕೆ ಇಲ್ಲ ಅಂದ್ರೆ ಹಿಂದೆ ನಿಂತೋರು ಈಗ್ಲೇ ತಗೊಂಡು ಹೋಗ್ತಾರೆ," ಎಂದ ರೊಡೆಲ್. ಹಿಂದೆ ನಿಂತಿದ್ದ ಗಿರಾಕಿ ನಿಜವಾಗಿಯೂ ಕತ್ತು ಚಾಚಿದ. ಜೊವೆಲಿನ್ ಕಣ್ಣಲ್ಲಿ ನೀರಾಡಿತು.

ಹೆರ್ಮೀನಿಯಾಗೆ ಭಯವಾಯಿತು. ಒಳಗೇನಿರಬೇಕೆಂದು ಅವಳಿಗೇನು ಗೊತ್ತು? ತಪ್ಪಾದರೆ ಮಗಳು ಜನ್ಮದಲ್ಲಿ ಕ್ಷಮಿಸಲಾರಳು. ಆದರೂ ಕೈ ತೆಗೆಯಲಿಲ್ಲ.

"ಕಿವಿರು ಎತ್ತಿ ನೋಡದೆ ನಾನು ಮೀನು ಕೊಳ್ಳೋಳಲ್ಲ. ತೆಗಿ."

ರೊಡೆಲ್ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಜೊವೆಲಿನ್ ಭಾಗಗಳ ಹೆಸರಿದ್ದ ದರಪಟ್ಟಿ ಹಿಡಿದು ಬಗ್ಗಿದಳು. ಒಂದೊಂದೇ ಭಾಗದ ಮೇಲೆ ಬೆರಳಿಟ್ಟು, ಕೊನೆಗೆ ಕೆಳಮೂಲೆಯಲ್ಲಿ ಕರೆಂಟು ಒದಗಿಸುವ ಪವರ್ ಸಪ್ಲೈ ಹತ್ತಿರ ನಿಂತಳು. ಪಟ್ಟಿಯಲ್ಲಿದ್ದ ಹೆಸರು ಅದರ ಮೇಲಿರಲಿಲ್ಲ. ಯಾವ ಹೆಸರೂ ಇರಲಿಲ್ಲ.

"ಇದು ನಾಳೆ ಅರ್ಧ ಆಟದಲ್ಲೇ ಆರಿಹೋಗ್ತಿತ್ತು," ಎಂದಳು, ತಾಯಿಗೆ ಮಾತ್ರ ಕೇಳುವಂತೆ.

ರೊಡೆಲ್ ಮತ್ತೆ ನಗಲಿಲ್ಲ. ಒಳಗಿನವರು ಏನೋ ಅದಲುಬದಲು ಮಾಡಿರಬೇಕೆಂದು ಗೊಣಗಿದ. ಹೆರ್ಮೀನಿಯಾ ಜಗಳಕ್ಕೆ ನಿಲ್ಲಲಿಲ್ಲ. ಹೆಡ್‌ಫೋನನ್ನೂ ಕೀಬೋರ್ಡನ್ನೂ ಮೇಜಿನಾಚೆ ತಳ್ಳಿ, ಪಟ್ಟಿಯಲ್ಲಿರುವುದನ್ನು ತನ್ನ ಕಣ್ಣೆದುರೇ ಹಾಕಿಸಿ, ಸ್ಟಿಕ್ಕರಿನ ಮೇಲೆ ತಾನೇ ಹೆಬ್ಬೆರಳು ಒತ್ತಿದಳು.

ಮನೆಗೆ ಹೋಗುವ ಜೀಪ್ನಿ ಬಸ್ಸಿನಲ್ಲಿ ಡಬ್ಬ ಇಬ್ಬರ ತೊಡೆಯ ಮೇಲಿತ್ತು. ಜೊವೆಲಿನ್ ತಾಯಿಯ ಭುಜಕ್ಕೆ ತಲೆಯಾನಿಸಿ ಕೇಳಿದಳು: "ನಿಂಗೆ ಹೆಂಗಮ್ಮ ಗೊತ್ತಾಯ್ತು?"

"ಕೊಸರು ಕೇಳಿದ ತಕ್ಷಣ ನಕ್ಕ."

"ಅಷ್ಟಕ್ಕೇನಾ?"

ಹೆರ್ಮೀನಿಯಾ ಡಬ್ಬವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಅವಳ ಮೀನಂಗಡಿಗೆ ಮೊದಲು ಬಂದವಳು ಖಾಯಂ ಗಿರಾಕಿ, ಮುದುಕಿ ಪಾಸಿಂಗ್. ಎರಡು ಕಿಲೋ ತೂಗಿಸಿಕೊಂಡು, ಎಂದಿನಂತೆ, ಮೇಲೊಂದು ಹಾಕೇ ತಾಯಿ ಎಂದಳು. ಹೆರ್ಮೀನಿಯಾ ಎಂದಿನಂತೆ ನಕ್ಕಳು. ಕೈ ತಾನಾಗಿ ಐಸಿನ ಅಡಿಗೆ, ಕೊಸರಿಗೆಂದೇ ಇಟ್ಟಿದ್ದ ಮೊನ್ನೆಯ ಮೀನಿನ ಕಡೆಗೆ ಹೋಯಿತು.

ಅಲ್ಲೇ ನಿಂತಿತು. ಪಾಸಿಂಗ್ ಚೀಲದ ಬಾಯಿ ಅಗಲಿಸಿ ಹಿಡಿದಿದ್ದಳು. ಐಸಿನೊಳಗೆ ಬೆರಳುಗಳು ಒಂದೊಂದಾಗಿ ಮರಗಟ್ಟುತ್ತಿದ್ದವು.